ಭಾನುವಾರದ ಫೀಸು

ನಾನು ಜುಗ್ಗಿ. ಕೊಟ್ಟೂರಿನಲ್ಲಿ ನನ್ನ ಹತ್ತಿರ ಜಂಪರ್ ಹೊಲಿಸುವ ಹೆಂಗಸರೆಲ್ಲ ಇದನ್ನು ಬಲ್ಲರು. ಅವರ ಬಟ್ಟೆಯಲ್ಲಿ ಉಳಿದ ಗೇಣಗಲದ ಚೂರನ್ನೂ ಕೇಳಿದರೆ ಮಾತ್ರ ವಾಪಸು ಕೊಡುತ್ತೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ನಾಯಿಗೆ ನಾನು ಮಾಡಿದ್ದನ್ನು ಯಾರಾದರೂ ‘ಪಾಪ, ಗೊತ್ತಿಲ್ಲದೆ ಮಾಡಿದಳು’ ಎಂದು ಬಿಟ್ಟುಬಿಡುವುದು ನನಗೆ ಬೇಡ.

ನಾಯಿ ಜಾತಿಯದೇನಲ್ಲ, ಕಂತ್ರಿ. ಮರಿಯಾಗಿದ್ದಾಗ ಮಳೆಗೆ ಹೆದರಿ ನನ್ನ ಹೊಲಿಗೆ ಮಷಿನ್ನಿನ ಕೆಳಗೆ ನುಗ್ಗಿದ್ದು ಆಮೇಲೆ ಹೊರಗೆ ಹೋಗಲೇ ಇಲ್ಲ. ಗಂಡ ಲಾರಿ ಓಡಿಸುತ್ತಾರೆ, ಅರ್ಧ ತಿಂಗಳು ದಾರಿಯಲ್ಲೇ ಇರುತ್ತಾರೆ. ಮನೆಯಲ್ಲಿ ನಾನು, ಅತ್ತೆ, ಒಂದು ಎಮ್ಮೆ ಮತ್ತು ಈ ನಾಯಿ.

ಆ ಶನಿವಾರ ಬೇಯಿಸಿದ ಮೆಕ್ಕೆಜೋಳ ತಿಂದಿದ್ದೆವು. ಭಾನುವಾರ ಬೆಳಗ್ಗೆ ನೋಡಿದರೆ ಕಾಳು ತಿಂದು ಬಿಟ್ಟ ದಿಂಡುಗಳ ಪುಟ್ಟಿ ಚೆಲ್ಲಾಡಿತ್ತು, ನಾಯಿ ವಾಂತಿ ಮಾಡುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದಾಯಿತು. ಹೊಟ್ಟೆ ಮುಟ್ಟಿದರೆ ಕುಂಯ್ ಅನ್ನುತ್ತಿತ್ತು. ದಿಂಡು ಸಿಕ್ಕಿಕೊಂಡಿದೆ ಎಂದು ಆಗಲೇ ತಿಳಿದಿತ್ತು. ಆದರೆ ರಜೆಯ ದಿನ ಡಾಕ್ಟರನ್ನು ಮನೆಗೆ ಕರೆಸಿದರೆ ಫೀಸು, ಪೆಟ್ರೋಲು, ಇಂಜೆಕ್ಷನ್ನು ಎಂದು ಸಾವಿರದ ಹತ್ತಿರ ಹೋಗುತ್ತದೆ. ಸೋಮವಾರವಾದರೆ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಚೀಟಿಯ ಕಾಸು ಸಾಕು. ಒಂದು ರಾತ್ರಿ ದಾಟಿಸಿದರಾಯಿತಲ್ಲ ಎಂದುಕೊಂಡೆ.

ನನ್ನ ತವರು ಗುಡೇಕೋಟೆಯ ಕಡೆ. ಎತ್ತಿಗೆ ಹೊಟ್ಟೆ ಉಬ್ಬರಿಸಿದರೆ ಅಪ್ಪ ಅದರ ಬಾಯಿ ಎತ್ತಿ ಹಿಡಿದು, ಗೊಟ್ಟ ಎನ್ನುವ ಬಿದಿರಿನ ಕೊಳವೆಯಲ್ಲಿ ಔಷಧಿ ಸುರಿಯುವುದನ್ನು ನೋಡಿಕೊಂಡೇ ಬೆಳೆದವಳು ನಾನು. ನಮ್ಮ ಎಮ್ಮೆಗೂ ಅದೇ ಮಾಡುತ್ತೇನೆ. ನಾಯಿಯನ್ನು ಮೊಣಕಾಲ ಮಧ್ಯೆ ಅದುಮಿಕೊಂಡು, ದವಡೆ ಅಗಲಿಸಿ, ಗೊಟ್ಟದ ತುಂಬ ಭೇದಿಗೆ ಕುಡಿಸುವ ಔಡಲೆಣ್ಣೆ ಒಂದೇ ಸಲ ಸುರಿದೆ. ಜಾರಿ ಹೊರಗೆ ಬಂದೀತು ಎಂಬ ಆಸೆ. ಅದು ಒದ್ದಾಡಿತು, ಕೆಮ್ಮಿತು, ಮತ್ತೆ ಕೆಮ್ಮಿತು. ಎತ್ತಿನ ಗಂಟಲೇ ಬೇರೆ, ನಾಯಿಯ ಗಂಟಲೇ ಬೇರೆ. ಆ ಕೆಮ್ಮು ನಿಲ್ಲಲೇ ಇಲ್ಲ.

ಆಮೇಲೆ ಫೋನ್ ಮಾಡಿದೆ. ನಮ್ಮೂರ ಡಾಕ್ಟರು ಹಡಗಲಿಯಲ್ಲಿ ಮದುವೆಗೆ ಹೋಗಿದ್ದರು. “ದಿಂಡು ಅಂದ್ರ ಆಪರೇಶನ್ನ ಆಗಬೇಕ್ರಿ. ಎಕ್ಸ್‌ರೇ ಇಲ್ಲಿ ಇಲ್ಲ, ಈಗಿಂದೀಗ ದಾವಣಗೆರಿಗೆ ಒಯ್ರಿ. ಬಾಯಿಗೆ ಮಾತ್ರ ಏನೂ ಹಾಕಬ್ಯಾಡ್ರಿ,” ಅಂದರು. ಎಣ್ಣೆಯ ಗೊಟ್ಟವನ್ನು ಕೈಯಲ್ಲಿ ಹಿಡಿದುಕೊಂಡೇ “ಹೂಂರಿ” ಅಂದೆ.

ಕಾರಿನವನು ಮೂರು ಸಾವಿರ ಕೇಳಿದ. “ಅಕ್ಕಾ, ನಾಯಿ ವಾಂತಿ ಮಾಡಿದ್ರ ಸೀಟು ತೊಳಸಬೇಕು. ಮ್ಯಾಲೆ ಸಂಡೇ ಬ್ಯಾರೆ.” ಬೇರೆ ದಿನವಾಗಿದ್ದರೆ ಅವನ ಜೊತೆ ಅರ್ಧ ಗಂಟೆ ಚೌಕಾಸಿ ಮಾಡುತ್ತಿದ್ದೆ. ಆ ದಿನ ಒಂದು ಮಾತೂ ಆಡದೆ ಸೀಟಿಗೆ ಗೋಣಿಚೀಲ ಹಾಸಿದೆ. ಮಕ್ಕಳಿಲ್ಲದ ನಮ್ಮ ಮನೆಯಲ್ಲಿ ಫ್ರಿಡ್ಜ್ ತರಲು ಕೂಡಿಟ್ಟ ಹಣವಿತ್ತು. ಅಷ್ಟನ್ನೂ ಬ್ಲೌಸಿನೊಳಗೆ ತುರುಕಿಕೊಂಡೆ. ಅತ್ತೆ ಬೇಡವೆಂದರೂ ಹತ್ತಿ ಕೂತರು.

“ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು. ಬೀದಿ ನಾಯಿಗೆ ಕಾರು!” ಎಂದು ಹರಪನಹಳ್ಳಿ ದಾಟುವವರೆಗೂ ಗೊಣಗಿದರು. ನಾಯಿಯ ತಲೆ ಮಾತ್ರ ಅವರ ತೊಡೆಯ ಮೇಲಿತ್ತು.

ದಾವಣಗೆರೆಯ ಖಾಸಗಿ ದವಾಖಾನೆಯಲ್ಲಿ ನಮ್ಮದೊಂದೇ ಕಂತ್ರಿ. ಡಾಕ್ಟರು ಎಕ್ಸ್‌ರೇ ತೆಗೆಸಿ, ಈಗಲೇ ಹೊಟ್ಟೆ ಕೊಯ್ಯಬೇಕು, ರಜೆಯ ದಿನದ ಚಾರ್ಜು ಸೇರಿ ಹದಿನಾಲ್ಕು ಸಾವಿರ ಎಂದರು. “ಮಾಡ್ರಿ,” ಅಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು. ಅವರು ನಾಯಿಯ ಎದೆಯ ಮೇಲೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ಹುಬ್ಬು ಗಂಟಾಯಿತು.

“ಬಾಯಿಗೆ ಏನಾದ್ರೂ ಹಾಕಿದ್ರಾ?”

ನಾನು ಸೆರಗಿನಿಂದ ನಾಯಿಯ ಮೂತಿ ಒರೆಸಿದೆ.

“ನಾ ಹಾಕೀನ್ರೀ ಸಾಹೇಬ್ರ,” ಅಂದರು ಅತ್ತೆ. “ಔಡಲೆಣ್ಣಿ. ಮುದುಕಿ, ತಿಳೀಲಿಲ್ಲ.”

ಡಾಕ್ಟರು ಅವರನ್ನು ಚೆನ್ನಾಗಿ ಬೈದರು. ಎಣ್ಣೆ ಶ್ವಾಸಕೋಶಕ್ಕೆ ಇಳಿದಿದೆ, ಪ್ರಜ್ಞೆ ತಪ್ಪಿಸುವ ಔಷಧಿ ಕೊಟ್ಟರೆ ಏಳುತ್ತದೋ ಇಲ್ಲವೋ, ದಿಂಡಿಗಿಂತ ಇದೇ ದೊಡ್ಡ ಅಪಾಯ ಎಂದರು. ಕಾರಿನಲ್ಲಿ ಅಷ್ಟು ಗೊಣಗಿದ ಆ ಬಾಯಿ ಒಂದಕ್ಷರ ಎದುರಾಡಲಿಲ್ಲ. ನನ್ನಿಂದ ತಡೆಯಲಾಗಲಿಲ್ಲ.

“ಅತ್ತಿ ಅಲ್ರಿ, ನಾನು ಹಾಕಿದ್ದು,” ಅಂದೆ. “ತಿಳೀದ ಅಲ್ಲ. ಭಾನುವಾರದ ಫೀಸು ಉಳಸಾಕ.”

ಡಾಕ್ಟರು ನನ್ನನ್ನು ಬೈಯಲಿಲ್ಲ. ಎಷ್ಟು ಹಾಕಿದೆ, ಎಷ್ಟು ಹೊತ್ತಾಯಿತು ಎಂದು ಕೇಳಿ ಬರೆದುಕೊಂಡು ಒಳಗೆ ಹೋದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಾಯಿ ಬದುಕಿತು. ದಿಂಡು ಮೂರು ತುಂಡಾಗಿ ಹೊರಗೆ ಬಂತು. ಎಣ್ಣೆಯ ಕೆಮ್ಮಿಗೆ ವಾರವಿಡೀ ಅಲ್ಲೇ ಇಟ್ಟು ಇಂಜೆಕ್ಷನ್ ಕೊಡಬೇಕಾಯಿತು, ಅದಕ್ಕೆ ಆಪರೇಶನ್ನಿನ ಅರ್ಧದಷ್ಟು ಮತ್ತೆ ಹೋಯಿತು. ಅಗ್ಗದ ಆಸೆಗೆ ಮುಗ್ಗಲು ಜೋಳ. ಫ್ರಿಡ್ಜ್ ಇನ್ನೂ ಅಂಗಡಿಯಲ್ಲೇ ಇದೆ, ಅದಕ್ಕೆ ನನಗೆ ಬೇಸರವಿಲ್ಲ.

ಮನೆಗೆ ಬಂದ ದಿನ ಹಾಲಿನಲ್ಲಿ ರೊಟ್ಟಿ ನೆನೆಸಿ ಮೊದಲಿನಂತೆ ಕೈಯಲ್ಲಿ ಹಿಡಿದು ಕೊಟ್ಟೆ. ನಾಯಿ ಬಾಯಿ ಬಿಗಿಹಿಡಿದು ಹಿಂದೆ ಸರಿಯಿತು. ಅದೇ ರೊಟ್ಟಿಯನ್ನು ಅತ್ತೆ ಚಾಚಿದರು, ತಿಂದಿತು. “ಹಸದಾಗ ತಾನ ಬರತೈತಿ ಬಿಡು,” ಅಂದರು. ಬರಲಿಲ್ಲ. ಬಾಲ ಆಡಿಸುತ್ತದೆ, ಪಕ್ಕದಲ್ಲಿ ಮಲಗುತ್ತದೆ, ತುತ್ತು ಹಿಡಿದ ಕೈ ಮಾತ್ರ ಆಗದು. ತಟ್ಟೆಗೆ ಹಾಕಿ ನಾನು ಎದ್ದುಹೋದ ಮೇಲೆ ತಿನ್ನುತ್ತದೆ. ಆದರೂ ದಿನಾ ಸಂಜೆ ಮೊದಲನೆಯ ತುತ್ತನ್ನು ಅಂಗೈಯಲ್ಲಿಟ್ಟುಕೊಂಡು ನೆಲದ ಮೇಲೆ ಕೂರುತ್ತೇನೆ. ಅದು ನೋಡುತ್ತದೆ. ನಾನು ಕೈ ಹಿಂದೆ ತೆಗೆಯುವುದಿಲ್ಲ.