ಬಸ್ಸಿನಲ್ಲಿ ಹೋಗುತ್ತಿದ್ದ ಊಟ

ಬೆಳಿಗ್ಗೆ ಒಂಬತ್ತೂಕಾಲಿಗೆ ಸಂಪಿಗೆ ಕಡೆಯಿಂದ ಬರುವ ಖಾಸಗಿ ಬಸ್ಸು ತೋಟದ ಗೇಟಿನ ಮುಂದೆ ನಿಂತರೆ ಗಿರಿಜಾಂಬಿಕಾ ಸ್ಟೀಲ್ ಕ್ಯಾರಿಯರನ್ನು ಕಂಡಕ್ಟರ್ ಯೋಗೀಶನ ಕೈಗೆ ಕೊಡುತ್ತಿದ್ದರು. ಅದು ತುರುವೇಕೆರೆ ದಾಟಿ ಕಿಬ್ಬನಹಳ್ಳಿಯಲ್ಲಿ ಇಳಿಯುತ್ತಿತ್ತು. ಅಲ್ಲಿ ಕೊಬ್ಬರಿ ಗೋದಾಮಿನ ಬಾಗಿಲಲ್ಲಿ ಪರಮೇಶ್ ಕಾಯುತ್ತಿದ್ದರು. ಮೂರು ತಿಂಗಳ ಹಿಂದೆ ಬರೆಸಿದ ಬಾಂಡ್ ಪೇಪರಿನ ಪ್ರಕಾರ ಅವರು ಗಿರಿಜಾಂಬಿಕಾ ಅವರ ಗಂಡನಲ್ಲ.

“ಬುಟ್ಟ ಗಂಡಂಗೆ ದಿನಾ ಮುದ್ದೆ ಕಳಿಸೋರ್ನ ನಿಮ್ಮೊಬ್ರನ್ನೇ ಕಂಡಿರೋದು ಕಣಕ್ಕಾ,” ಎಂದು ಯೋಗೀಶ ಕೆಣಕುತ್ತಿದ್ದ.

“ಬುಟ್ಟಿರೋದು ಪೇಪರ್‌ನಾಗೆ ಕಣಪ್ಪಾ. ಹೊಟ್ಟೆಗೇನು ಓದಕ್ಕೆ ಬತ್ತದಾ? ಸಾರು ಚೆಲ್ಲಬ್ಯಾಡ, ನೆಟ್ಟಗಿಡು.”

ಗಿರಿಜಾಂಬಿಕಾ ಅವರಿಗೆ ಐವತ್ತೊಂದು. ತಂದೆಗೆ ಒಬ್ಬಳೇ ಮಗಳು. ಮೂರು ಎಕರೆ ತೆಂಗಿನ ತೋಟವನ್ನೂ ಅದರೊಳಗಿನ ಮನೆಯನ್ನೂ ತಂದೆ ಮದುವೆಗೆ ಮೊದಲೇ ಮಗಳ ಹೆಸರಿಗೆ ದಾನಪತ್ರ ಮಾಡಿ ನೋಂದಣಿ ಮಾಡಿಸಿದ್ದರು. ಪರಮೇಶ್ ಆ ಮನೆಗೆ ಮನೆಅಳಿಯನಾಗಿ ಬಂದವರು. ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಹೇಳುವುದರಲ್ಲಿ ಅವರನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. ಹೆಂಡತಿಗೆ ಅವರು ಮೊದಲು ಕಲಿಸಿದ್ದೂ ಅದನ್ನೇ, ಮದುವೆಯಾದ ಹೊಸದರಲ್ಲಿ, ಅಟ್ಟದ ಮೇಲೆ ಎದುರುಬದುರು ಕೂತು.

ಪರಮೇಶ್ ಅವರ ಕೊಬ್ಬರಿ ವ್ಯಾಪಾರ ನಿಂತಿದ್ದು ಹೋದ ವರ್ಷ. ಎರಡು ಲಾರಿ ಕೊಬ್ಬರಿ ತರಿಸಿಕೊಂಡ ಹೊರರಾಜ್ಯದ ವ್ಯಾಪಾರಿಯೊಬ್ಬ ದುಡ್ಡು ಕೊಡದೆ ಅಂಗಡಿ ಮುಚ್ಚಿ ಕಾಣೆಯಾದ. ಕೊಬ್ಬರಿ ಕೊಟ್ಟಿದ್ದ ಬೆಳೆಗಾರರು, ಬ್ಯಾಂಕು, ಸೊಸೈಟಿ ಎಲ್ಲರೂ ಪರಮೇಶ್ ಅವರ ಬಾಗಿಲಿಗೆ ಬಂದರು.

ದಾರಿ ತೋರಿಸಿದವರು ಗಿರಿಜಾಂಬಿಕಾ ಅವರ ಚಿಕ್ಕಪ್ಪ ಪರಮಶಿವಯ್ಯ. ಊರಿನ ಭೋಗ್ಯ, ಪಾಲು, ಕರಾರು ಎಲ್ಲದರ ಒಕ್ಕಣೆಯೂ ಅವರದೇ. ಛಾಪಾ ಕಾಗದದ ಮೇಲೆ ಬರೆದು ನಾಲ್ಕು ಜನ ಸಾಕ್ಷಿ ಹಾಕಿದರೆ ಮುಗಿಯಿತು ಎಂಬುದು ಊರಿನ ನಂಬಿಕೆ. “ಗಂಡನ ಸಾಲ ಹೆಂಡ್ತಿ ತಲೆಗೇ ಬರೋದು ಕಣಮ್ಮ. ನಾಳೆ ತೋಟಕ್ಕೇ ಕೈ ಹಾಕ್ತಾರೆ. ಗಂಡ ಹೆಂಡ್ತಿ ಬಿಡುಗಡೆ ಬರಕೊಳ್ಳಿ, ತೋಟನಾದ್ರೂ ಉಳೀತದೆ,” ಎಂದರು.

ಮೊದಲು ಸಹಿ ಹಾಕಿದವರು ಪರಮೇಶ್. “ನನ್ನ ದೆಸೆಯಿಂದ ನಿಮ್ಮಪ್ಪನ ತೋಟ ಹೋಗಬಾರದು ಕಣೇ,” ಎಂದು ಎರಡು ಜೊತೆ ಬಟ್ಟೆ ತೆಗೆದುಕೊಂಡು ತಾವು ಬಾಡಿಗೆಗೆ ಹಿಡಿದಿದ್ದ ಗೋದಾಮಿಗೆ ಹೋದರು. ಸಂಜೆಯ ಬಸ್ಸಿನಲ್ಲಿ ತೊಳೆದ ಕ್ಯಾರಿಯರ್ ವಾಪಸು ಬರುತ್ತಿತ್ತು. ಕೆಲವು ದಿನ ಅದರೊಳಗೆ ಒಂದು ಉಂಡೆ ಕೊಬ್ಬರಿ ಇರುತ್ತಿತ್ತು, ಒಡಕಿಲ್ಲದ್ದು, ಆರಿಸಿ ಇಟ್ಟದ್ದು.

ಒಂದು ಗುರುವಾರ ಕ್ಯಾರಿಯರ್ ತುಂಬಿದ ಹಾಗೆಯೇ ಬಂತು. ಯೋಗೀಶ ಅಂದು ತಮಾಷೆ ಮಾಡಲಿಲ್ಲ. “ಸಾಲ ಕೊಟ್ಟೋರು ಯಾರೋ ಬಂದು, ಹೆಂಡ್ತಿ ಬುಟ್ಟಂಗೆ ನಾಟಕ ಆಡಿ ಆಸ್ತಿ ಬಚ್ಚಿಟ್ಟವನೆ ಅಂತ ಬಯ್ದ್ರಂತೆ. ಊಟ ಮುಟ್ಟೇ ಇಲ್ಲ ಕಣಕ್ಕಾ.”

ಮರುದಿನ ಕ್ಯಾರಿಯರಿನ ಜೊತೆ ಗಿರಿಜಾಂಬಿಕಾ ತಾವೂ ಬಸ್ಸು ಹತ್ತಿದರು. ಕೈಚೀಲದಲ್ಲಿ ಬಾಂಡ್ ಪೇಪರೂ ತಂದೆಯ ದಾನಪತ್ರವೂ ಇದ್ದವು. ತುರುವೇಕೆರೆಯಲ್ಲಿ ಇಳಿದು, ಕೋರ್ಟಿನ ಉಚಿತ ಕಾನೂನು ನೆರವಿನ ಕೊಠಡಿ ಹುಡುಕಿಕೊಂಡು ಹೋದರು. ಅಂದಿನ ಸರದಿ ವಕೀಲೆ ಅನಿತಾ ಅವರದು. ಅವರು ಎರಡೂ ಕಾಗದಗಳನ್ನು ನಿಧಾನವಾಗಿ ಓದಿದರು.

“ಈ ಬಾಂಡ್ ಪೇಪರಿನಿಂದ ಮದುವೆ ಮುರಿಯಲ್ಲಮ್ಮ. ವಿಚ್ಛೇದನ ಕೊಡಬೇಕಾದ್ದು ಕೋರ್ಟು. ನೀವಿಬ್ಬರೂ ಇವತ್ತಿಗೂ ಗಂಡ ಹೆಂಡತೀನೇ.”

ಗಿರಿಜಾಂಬಿಕಾ ಮಡಿಲಲ್ಲಿದ್ದ ಕ್ಯಾರಿಯರಿನ ಹಿಡಿಯನ್ನು ಒಮ್ಮೆ ಸವರಿದರು. ಆಮೇಲೆ ಕೇಳಿದರು. “ಹಂಗಾರೆ ತೋಟ?”

“ತೋಟ, ಮನೆ ನಿಮ್ಮ ತಂದೆ ನಿಮಗೆ ಕೊಟ್ಟಿದ್ದು, ನಿಮ್ಮದೇ. ಗಂಡನ ಸಾಲ ಅಂದ ಮಾತ್ರಕ್ಕೆ ಹೆಂಡತಿ ತೀರಿಸಬೇಕಾಗಿಲ್ಲ. ಆದರೆ ಜಾಮೀನಿಗೆ ಸಹಿ ಹಾಕಿದ್ದರೆ ಆ ಸಾಲಕ್ಕೆ ನೀವೂ ಹೊಣೆ. ಎಲ್ಲಾದರೂ ಹಾಕಿದ್ದೀರಾ?”

“ಸೊಸೈಟೀಲಿ ಹಾಕಿದೀನಿ. ಎರಡು ಲಕ್ಷಕ್ಕೆ.” ಅವರೇ ಮುಂದುವರಿಸಿದರು: “ಅದು ನಂದೂ ಹೌದು ಬಿಡಿ. ಕಾಯಿ ಮಾರಿ ಕಟ್ತೀನಿ.”

ಮಿಕ್ಕ ಸಾಲಕ್ಕೆ ಪರಮೇಶ್ ತಾವೇ ಕೋರ್ಟಿಗೆ ದಿವಾಳಿ ಅರ್ಜಿ ಹಾಕಿಕೊಳ್ಳಬಹುದೆಂದು ಅನಿತಾ ವಿವರಿಸಿದರು. ತನಗೆ ಏನೇನಿದೆ, ಯಾರಿಗೆ ಎಷ್ಟು ಕೊಡಬೇಕು, ಒಂದನ್ನೂ ಬಿಡದೆ ಬರೆಯಬೇಕು. ಅರ್ಜಿ ಒಪ್ಪಿಗೆಯಾದರೆ ಕೋರ್ಟು ಇದ್ದದ್ದನ್ನು ಮಾರಿಸಿ ಸಾಲ ಕೊಟ್ಟವರಿಗೆ ಹಂಚಿಸುತ್ತದೆ. ನಡತೆ ನೇರವಾಗಿದ್ದರೆ ಉಳಿದ ಸಾಲದಿಂದ ಮುಂದೆ ಬಿಡುಗಡೆ ಸಿಗಬಹುದು. ವರ್ಷಗಳೇ ಹಿಡಿದೀತು.

“ಮುಚ್ಚಿಟ್ಟರು ಅನ್ನಿಸಿದರೆ ಆ ಬಿಡುಗಡೆಗೇ ಕಲ್ಲು ಬೀಳುತ್ತೆ. ಈ ಬಾಂಡ್ ಪೇಪರ್ ನೋಡಿದವರಿಗೆ ಹಾಗೇ ಅನ್ನಿಸೋದು. ಇದನ್ನೂ ಕೋರ್ಟಿನ ಮುಂದೆ ಇಟ್ಟುಬಿಡೋಣ. ಅವರನ್ನ ಮನೆಗೆ ಕರಕೊಂಡು ಹೋಗಿ.”

ಕಿಬ್ಬನಹಳ್ಳಿ ತಲುಪಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಪರಮೇಶ್ ಗಡ್ಡ ಬಿಟ್ಟುಕೊಂಡು ಗೋಣಿಚೀಲದ ಮೇಲೆ ಕೂತಿದ್ದರು.

“ನೀನ್ಯಾಕೆ ಬಂದ್ಯೇ? ಯಾರಾದ್ರೂ ನೋಡಿದ್ರೆ?”

“ನೋಡ್ಲಿ ಬುಡಿ. ನಾವು ಗಂಡ ಹೆಂಡ್ತೀನೇ ಅಂತ ಲಾಯರಮ್ಮ ಹೇಳವ್ರೆ. ಮೊದ್ಲು ಉಣ್ಣಿ.”

ಅವರು ಉಣ್ಣುವಾಗಲೇ ಗಿರಿಜಾಂಬಿಕಾ ಎಲ್ಲವನ್ನೂ ಹೇಳಿದರು, ಸೊಸೈಟಿಯ ಎರಡು ಲಕ್ಷವನ್ನೂ ಬಿಡದೆ. ಪರಮೇಶ್ ತುತ್ತನ್ನು ಕೈಯಲ್ಲೇ ಹಿಡಿದು ಹೇಳಿದರು. “ದಿವಾಳಿ ಎದ್ದ ಅಂತಾರೆ ಕಣೇ.”

“ಹೆಂಡ್ತಿ ಸೆರಗಲ್ಲಿ ಬಚ್ಚಿಟ್ಟ ಅನ್ನೋದಕ್ಕಿಂತ ವಾಸಿ ಅಲ್ವೇನ್ರೀ? ಆ ತೋಟದ ಮನೇಲಿ ನೀವಿಲ್ದೆ ನಾನೇನು ಕಾವಲು ಕಾಯ್ಲಾ?”

ಊಟವಾದ ಮೇಲೆ ಪಟ್ಟಿ ಬರೆಯಲು ಕೂತರು. ಕೊಬ್ಬರಿ ನಲವತ್ತು ಚೀಲ. ಖಾಲಿ ಚೀಲ, ತೂಕದ ಯಂತ್ರ, ಸ್ಕೂಟರ್. ಮೂಲೆಯಲ್ಲಿ ತೂಗುಹಾಕಿದ್ದ ಹಳೆಯ ಕಬ್ಬಿಣದ ತಕ್ಕಡಿಯ ಮೇಲೆ ಪರಮೇಶ್ ಅವರ ಕಣ್ಣು ನಿಂತಿತು.

“ಅದು ನಮ್ಮಪ್ಪನ ಕಾಲದ್ದು. ಯಾರು ಕೊಳ್ತಾರೆ ಅದನ್ನ?”

ಗಿರಿಜಾಂಬಿಕಾ ತಕ್ಕಡಿಯನ್ನೂ ನೋಡಿದರು, ಗಂಡನ ಮುಖವನ್ನೂ ನೋಡಿದರು. “ಬರೀರಿ,” ಎಂದರು ಮೆಲ್ಲಗೆ. ಪರಮೇಶ್ ಬರೆದರು.

ಆಮೇಲೆ ರೂಢಿಯಂತೆ ಕ್ಯಾರಿಯರ್ ತೊಳೆಯಲು ಎದ್ದರು. “ಇಲ್ಲಿ ಕೊಡಿ, ಮನೇಲಿ ತೊಳ್ಯಾನ,” ಎಂದು ಹೆಂಡತಿ ಅದನ್ನು ಹಾಗೆಯೇ ಮುಚ್ಚಿ ಚೀಲಕ್ಕೆ ಹಾಕಿಕೊಂಡರು.

ಸಂಜೆಯ ಬಸ್ಸಿನ ಬಾಗಿಲಲ್ಲಿ ಯೋಗೀಶ ಅಭ್ಯಾಸಬಲದಿಂದ ಕೈ ಚಾಚಿದ. “ಎಲ್ಲಿ ಅಕ್ಕಾ ಕ್ಯಾರಿಯರ್ರು?”

“ನಾಳೆಯಿಂದ ಅದ್ಕೆ ರಜ ಕಣಪ್ಪಾ,” ಎಂದು ಗಿರಿಜಾಂಬಿಕಾ ಮೆಟ್ಟಿಲು ಹತ್ತಿದರು. “ಎರಡು ಟಿಕೆಟ್ ಕೊಡು.”