ಕೆರಿಯ ನಾಯ್ಕರು ಇನ್ನೂ ಒಳಗಿದ್ದಾರೆ

ಸಿದ್ದಾಪುರದ ಆ ಸಣ್ಣ ಆಸ್ಪತ್ರೆಯಲ್ಲಿ ಎಂಟು ಕಂಪ್ಯೂಟರುಗಳಿವೆ. ಎಂಟನ್ನೂ ಆಳುವ ಒಂಬತ್ತನೆಯದು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂತಿರುತ್ತದೆ. ಆ ಕೋಣೆಯ ಕೀಲಿಕೈ ಇರುವುದು ಮಧುಕೇಶ್ವರ ಹೆಗಡೆಯವರ ಜನಿವಾರದಲ್ಲಿ. ಹೆಗಡೆಯವರು ಶಿರಸಿಯಲ್ಲಿ ಟೈಪಿಂಗ್ ಕಲಿತು, ಜನನ ಪ್ರಮಾಣಪತ್ರ ಟೈಪು ಮಾಡಲು ಸೇರಿದವರು. ಇಪ್ಪತ್ತಮೂರು ವರ್ಷದಲ್ಲಿ ಸಿಸ್ಟಂ ಅಡ್ಮಿನಿಸ್ಟ್ರೇಟರ್ ಆಗಿದ್ದಾರೆ. ಮದುವೆಮನೆಯ ಊಟದ ಪಂಕ್ತಿಯಲ್ಲಿ ಪಕ್ಕದವರು ಕೇಳದಿದ್ದರೂ ಈ ಹುದ್ದೆಯ ಹೆಸರು ಪಾಯಸ ಬರುವುದರೊಳಗೆ ಅವರ ಕಿವಿಗೆ ಬಿದ್ದಿರುತ್ತದೆ.

ಇಷ್ಟು ಅಧಿಕಾರವಿರುವ ಮನುಷ್ಯ ಸ್ವಭಾವದಲ್ಲಿ ಪುಕ್ಕಲು. ದೂರದಲ್ಲಿ ಗುಡುಗಿದರೂ ಎಲ್ಲ ವೈರುಗಳನ್ನು ಕಿತ್ತಿಡುತ್ತಾರೆ. ಮನೆಯಿಂದ ಹೊರಟವರು ಗೇಟಿನ ತನಕ ಬಂದು ಗ್ಯಾಸು ನೋಡಲು ವಾಪಸು ಹೋಗುತ್ತಾರೆ. ಕಂಪ್ಯೂಟರಿನ ಮುಂದೆ ಮಾತ್ರ ಹೆದರಿದ್ದನ್ನು ಯಾರಿಗೂ ತೋರಿಸಿಕೊಂಡವರಲ್ಲ. ಪ್ರತಿ ಕೋಣೆಯ ಗೋಡೆಗೂ ಅವರ ಸಹಿಯ ಒಂದು ಚೀಟಿ ಅಂಟಿದೆ: 'ತೊಂದರೆ ಬಂದಲ್ಲಿ ಆಫ್ ಮಾಡಿ ಆನ್ ಮಾಡತಕ್ಕದ್ದು.'

ಕಳೆದ ಫೆಬ್ರವರಿಯಲ್ಲಿ ಆಡಳಿತ ಮಂಡಳಿಯಿಂದ ಆದೇಶ ಬಂತು. ಕೆಲಸ ಬಿಟ್ಟವರ, ನಿವೃತ್ತರಾದವರ, ತೀರಿಕೊಂಡವರ ಹೆಸರುಗಳನ್ನು ಸಿಸ್ಟಂನಿಂದ ತೆಗೆಯಬೇಕು. ಅಲ್ಲಿ ಪ್ರತಿ ನೌಕರನಿಗೂ ಒಂದು ಹೆಸರು, ಒಂದು ಪಾಸ್‌ವರ್ಡು, ತನ್ನ ಕಡತ ಇಟ್ಟುಕೊಳ್ಳಲು ಒಂದು ಜಾಗ. ಹೆಸರು ತೆಗೆದರೆ ಜಾಗವೂ ಅದರೊಂದಿಗೆ ಹೋಗುತ್ತದೆ. ಪಟ್ಟಿಯಲ್ಲಿ ಹನ್ನೊಂದು ಹೆಸರಿದ್ದವು.

ಆ ವಾರ ಹೆಗಡೆಯವರಿಗೆ ಬೇರೆಯೇ ಚಿಂತೆಯಿತ್ತು. ನಿಲ್ಕುಂದದ ಕಡೆ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಿದ್ದವು. ಮಂಗನ ಕಾಯಿಲೆಯ ಹೆದರಿಕೆಗೆ ಜ್ವರ ಬಂದವರೆಲ್ಲ ಆಸ್ಪತ್ರೆಗೆ ಬಂದು ರಕ್ತ ಕೊಟ್ಟು ಹೋಗಿದ್ದರು. ಸೋಮವಾರದಿಂದ ಜ್ವರವಿದ್ದ ಹೆಗಡೆಯವರ ತಾಯಿ ಸೀತಮ್ಮನವರದೂ ಅದರಲ್ಲಿತ್ತು. ಒಟ್ಟು ಇಪ್ಪತ್ತಮೂರು ಸೀಸೆ ದೊಡ್ಡ ಲ್ಯಾಬಿಗೆ ಹೋಗಿದ್ದವು. ಸೀಸೆಯ ಮೇಲೆ ಹೆಸರಿಲ್ಲ, ನಂಬರು ಮಾತ್ರ. ಕಾಯಿಲೆಯ ಸುದ್ದಿ ಹಬ್ಬಿದರೆ ಆ ಮನೆಯ ನೀರನ್ನೂ ಜನ ಮುಟ್ಟುವುದಿಲ್ಲವೆಂದು ಹಿಂದಿನ ಲ್ಯಾಬ್ ಟೆಕ್ನಿಷಿಯನ್ ಕೆರಿಯ ನಾಯ್ಕರು ಮಾಡಿಟ್ಟ ಪದ್ಧತಿ ಅದು. ಯಾವ ನಂಬರು ಯಾರದೆಂಬ ಪಟ್ಟಿ ಈ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಮಾತ್ರ. ಫಲಿತಾಂಶ ಶುಕ್ರವಾರ ನಾಲ್ಕು ಗಂಟೆಗೆ ಫೋನಿನಲ್ಲಿ ಬರುವುದಿತ್ತು.

ಶುಕ್ರವಾರ ಮೂರು ಗಂಟೆಗೆ ಹೆಗಡೆಯವರು ಕೋಣೆಯ ಬಾಗಿಲು ಹಾಕಿಕೊಂಡು ಹೆಸರು ತೆಗೆಯಲು ಕೂತರು. ಮನಸ್ಸನ್ನು ನಾಲ್ಕು ಗಂಟೆಯಿಂದ ಬೇರೆ ಕಡೆ ಎಳೆಯಲು ಅದೇ ದಾರಿ. ಹತ್ತು ಹೆಸರು ಸಲೀಸಾಗಿ ಹೋದವು. ಹನ್ನೊಂದನೆಯದು ಕೆರಿಯ ನಾಯ್ಕರದು. ಅವರು ತೀರಿಕೊಂಡು ಎರಡು ವರ್ಷ. ಹೆಗಡೆಯವರೇ ಮಸಣದ ತನಕ ಹೋಗಿ ಬಂದಿದ್ದರು. ಹೆಸರು ಟೈಪು ಮಾಡಿ ಗುಂಡಿ ಒತ್ತಿದರೆ ಪರದೆ ಒಪ್ಪಲಿಲ್ಲ. ಈ ವ್ಯಕ್ತಿ ಈಗ ಒಳಗಿದ್ದಾರೆ ಎಂದಿತು.

ಹೆಗಡೆಯವರು ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಬೆಳಗ್ಗೆ ಒಂಬತ್ತು ಹತ್ತಕ್ಕೆ ಬಂದಿದ್ದಾರೆ, ಇನ್ನೂ ಹೋಗಿಲ್ಲ. ಕೆರಿಯ ನಾಯ್ಕರು ಬದುಕಿದ್ದಾಗಲೂ ಬರುತ್ತಿದ್ದುದು ಒಂಬತ್ತು ಹತ್ತಕ್ಕೇ. ಹೆಗಡೆಯವರ ಬೆರಳು ಕೀಬೋರ್ಡು ಬಿಟ್ಟು ಜನಿವಾರ ಹಿಡಿಯಿತು, ಬಾಯಿ ಗಾಯತ್ರಿ ಶುರುಮಾಡಿತು. ಎದ್ದು ಹೋಗಿ ಯಾರನ್ನಾದರೂ ಕೇಳಬಹುದಿತ್ತು. ಆದರೆ ಸಿಸ್ಟಂ ಅಡ್ಮಿನಿಸ್ಟ್ರೇಟರ್ ಆದವರು ಸತ್ತವರು ಬಂದಿದ್ದಾರೆಯೇ ಎಂದು ನರ್ಸುಗಳನ್ನು ಕೇಳುವುದು ಹೇಗೆ? ಬಲವಂತವಾಗಿ ತೆಗೆಯುವ ಆಜ್ಞೆಯೊಂದಿತ್ತು. ಕಣ್ಣು ಮುಚ್ಚಿ ಅದನ್ನೇ ಕೊಟ್ಟರು. ಕೆರಿಯ ನಾಯ್ಕರ ಹೆಸರು, ಅದರೊಂದಿಗೆ ಅವರ ಜಾಗ, ಎಲ್ಲ ಹೋಯಿತು.

ಎರಡು ನಿಮಿಷವಾಗಿರಲಿಲ್ಲ, ಯಾರೋ ಬಾಗಿಲು ಬಡಿದರು. ಹೆಗಡೆಯವರು ತೆರೆಯಲಿಲ್ಲ. ಯಾರೆಂದು ಕೇಳುವ ಧೈರ್ಯವೂ ಬರಲಿಲ್ಲ. ಮೂರನೆಯ ಸಲ ಬಡಿದ ಮೇಲೆ ಹೆಂಗಸಿನ ದನಿ ಕೇಳಿ ಜೀವ ಬಂತು. ಕೆರಿಯ ನಾಯ್ಕರ ಜಾಗಕ್ಕೆ ಬಂದಿದ್ದ ಲ್ಯಾಬಿನ ಗೌರಕ್ಕ.

"ಹೆಗಡೇರೆ, ಜ್ವರದವರ ಪಟ್ಟಿ ಸೇವ್ ಆಗ್ತಾ ಇಲ್ಲ. ಆ ಜಾಗವೇ ಇಲ್ಲ ಅಂತದೆ."

"ಯಾರ ಹೆಸರಲ್ಲಿ ಒಳಗೆ ಹೋಗಿದ್ದೆ ನೀನು?"

"ಕೆರಿಯಣ್ಣನ ಹೆಸರಲ್ಲಿ. ಎರಡು ವರ್ಷದಿಂದ ಅದರಲ್ಲೇ ಅಲ್ದಾ? ಹೊಸ ಹೆಸರಿಗೆ ಅರ್ಜಿ ಕೊಡಬೇಕು ಅಂದಿದ್ರಿ. ಅವರ ಹೆಸರೇ ಇರಲಿ ಅಂತ ಬಿಟ್ಟೆ."

ಹೆಗಡೆಯವರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಊರು ತ್ಯಾಗಲಿಯಲ್ಲಿ ಅವರದೇ ಜಮೀನಿನ ಪಹಣಿ ಅಜ್ಜನ ಹೆಸರಿನಲ್ಲಿದೆ. ಅಜ್ಜ ಹೋಗಿ ನಲವತ್ತು ವರ್ಷ. ಅರ್ಜಿ ಕೊಟ್ಟು ಓಡಾಡುವವರು ಯಾರೆಂದು ಎಲ್ಲರೂ ಅಜ್ಜನ ಹೆಸರಿನಲ್ಲೇ ಉಂಡು ತಿಂದು ಇದ್ದಾರೆ. ಗೌರಕ್ಕ ಮಾಡಿದ್ದೂ ಅಷ್ಟೇ.

ಕಡತಗಳ ನಕಲು ಮಾಡಿಡುವುದು ಶನಿವಾರಕ್ಕೊಮ್ಮೆ. ಈ ಪಟ್ಟಿ ಹುಟ್ಟಿದ್ದು ಸೋಮವಾರ. ಅಂದರೆ ಅದು ಈಗ ಇರುವುದು ಗೌರಕ್ಕನ ಪರದೆಯ ಮೇಲೆ ಮಾತ್ರ.

"ಏನಿಲ್ಲ, ಆಫ್ ಮಾಡಿ ಆನ್ ಮಾಡ್ತೆ," ಎಂದು ಗೌರಕ್ಕ ಹೊರಟಳು.

ಹೆಗಡೆಯವರು ಚಪ್ಪಲಿ ಬಿಟ್ಟು ಓಡಿದರು. ಲ್ಯಾಬಿನ ಬಾಗಿಲಲ್ಲಿ ಅವಳ ಕೈ ಹಿಡಿದುಕೊಂಡರು. "ಗೌರಕ್ಕ, ದಮ್ಮಯ್ಯ. ಯಾವ ಗುಂಡಿಯನ್ನೂ ಮುಟ್ಟಬೇಡ. ನಾನು ಗೋಡೆ ಮೇಲೆ ಬರೆದದ್ದನ್ನ ನಂಬಬೇಡ."

ಆಗಲೇ ಕರೆಂಟು ಹೋಯಿತು. ಫ್ಯಾನು ನಿಂತಿತು, ಯುಪಿಎಸ್ ಕೂಗಲು ಶುರುಮಾಡಿತು. ಅದರ ಬ್ಯಾಟರಿ ಹಳತು. ಎಷ್ಟು ಹೊತ್ತು ತಡೆಯುತ್ತದೆಂದು ಹೇಳಬೇಕಾದವರೂ ಹೆಗಡೆಯವರೇ, ಅವರಿಗೆ ಗೊತ್ತಿರಲಿಲ್ಲ. ಗೌರಕ್ಕ ಔಷಧಿ ಚೀಟಿಯ ಬೆನ್ನಿಗೆ ಬರೆಯತೊಡಗಿದಳು, ಹೆಗಡೆಯವರು ಓದತೊಡಗಿದರು. ಒಂದು, ಎರಡು, ಮೂರು. ಪ್ರತಿ ಸಾಲಿನಲ್ಲೂ ಅವರ ಕಣ್ಣು ತಾಯಿಯ ಹೆಸರು ಹುಡುಕುತ್ತಿತ್ತು. ಹತ್ತಾಯಿತು, ಬರಲಿಲ್ಲ. ಹದಿನೈದಕ್ಕೆ ಯುಪಿಎಸ್ಸಿನ ಕೂಗು ಬಿಡುವಿಲ್ಲದಂತಾಯಿತು. ಇಪ್ಪತ್ತಕ್ಕೂ ಬರಲಿಲ್ಲ. ಇಪ್ಪತ್ತೆರಡನೆಯದನ್ನು ಓದಿ ಮುಗಿಸಿದ್ದೇ ಪರದೆ ಕಪ್ಪಾಯಿತು.

ಉಳಿದದ್ದು ಇಪ್ಪತ್ತಮೂರನೆಯದು. ಬರೆಯದೆ ಉಳಿದ ಹೆಸರೂ ಒಂದೇ. ಗೌರಕ್ಕ ಚೀಟಿಯ ಕೊನೆಗೆ ಸೀತಮ್ಮ ಎಂದು ಬರೆದಳು.

ಜೇಬಿನಲ್ಲಿ ಫೋನು ಅದುರಿತು. ಹೆಗಡೆಯವರು ಬೆಚ್ಚಿ ತೆಗೆದರೆ ತಾಯಿ. "ತಮಾ, ಯಂಗೆ ಎಂತೂ ಆಜಿಲ್ಲೆ. ನೀ ಹೆದ್ರಡ," ಎಂದರು. ತನಗೇನೂ ಆಗಿಲ್ಲ, ಹೆದರಬೇಡ ಎಂದ ದನಿಯೇ ನಡುಗುತ್ತಿತ್ತು. ಜ್ವರದಿಂದಲೋ ಹೆದರಿಕೆಯಿಂದಲೋ ಗೊತ್ತಾಗಲಿಲ್ಲ.

ದೊಡ್ಡ ಲ್ಯಾಬಿನವರ ಫೋನು ಬಂದಾಗ ನಾಲ್ಕು ದಾಟಿ ಏಳು ನಿಮಿಷ. ಎತ್ತಿದವರು ಅದಕ್ಕೆಂದೇ ಬಂದು ಕಾದಿದ್ದ ಆಸ್ಪತ್ರೆಯ ಡಾಕ್ಟರ್ ದಿವ್ಯಾ. ಆ ಕಡೆಯವರು ಒಂದು ನಿಮಿಷ ಇರಿ ಎಂದು ಕಾಗದ ಹುಡುಕಿದರು. ಹೆಗಡೆಯವರು ಗೋಡೆಗೆ ಒರಗಿದರು. ಒರಗಿದ್ದು ತಮ್ಮದೇ ಚೀಟಿಯ ಮೇಲೆ. ಇಪ್ಪತ್ತೆರಡು ಸೀಸೆಗಳಲ್ಲಿ ಏನೂ ಇಲ್ಲ, ಒಂದರಲ್ಲಿದೆ ಎಂಬುದು ಮೊದಲು ಬಂತು. ಆಮೇಲೆ ನಂಬರು.

"ಒಂಬತ್ತು," ಎಂದರು ಡಾಕ್ಟರು.

ಹೆಗಡೆಯವರು ಉಸಿರು ಬಿಟ್ಟರು. ಬಿಟ್ಟ ಕೂಡಲೇ ಗೌರಕ್ಕನ ಕೈಯ ಚೀಟಿ ಕಣ್ಣಿಗೆ ಬಿತ್ತು: ಒಂಬತ್ತು, ದುರ್ಗಿ, ನಿಲ್ಕುಂದ. ಬಿಟ್ಟ ಉಸಿರಿಗೆ ನಾಚಿಕೆಯಾಯಿತು. ಅವಳನ್ನು ಕರೆತರಲು ಹೊರಟ ಆಸ್ಪತ್ರೆಯ ಜೀಪಿನಲ್ಲಿ ತಾವೂ ಹೊರಟರು. ದುರ್ಗಿ ಜ್ವರ ಬಿಟ್ಟಿತೆಂದು ಗದ್ದೆಯ ಅಂಚಿನಲ್ಲಿ ಹುಲ್ಲು ಕೊಯ್ಯುತ್ತಿದ್ದಳು. ನಾಳೆ ಬರುತ್ತೇನೆಂದವಳನ್ನು ಹೆಗಡೆಯವರು ಕೈಮುಗಿದು ಜೀಪು ಹತ್ತಿಸಿದರು. ಅದೇ ಸಂಜೆ ಅವಳಿಗೆ ಜ್ವರ ಮರುಕಳಿಸಿ ಮೈಮೇಲಿನ ಎಚ್ಚರ ತಪ್ಪಿತು. ಮನೆಯಲ್ಲಿದ್ದಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಆಮೇಲೆ ಹೇಳಿದರು. ಹದಿನಾರು ದಿನ ಆಸ್ಪತ್ರೆಯಲ್ಲಿದ್ದು ನಡೆದುಕೊಂಡು ಮನೆಗೆ ಹೋದಳು.

ಡಾಕ್ಟರು ಇನ್ನೊಂದು ಮಾತನ್ನೂ ಕೇಳಿದ್ದರು. ಜೇಬಿನಲ್ಲಿ ಫೋನಿತ್ತಲ್ಲ, ಪರದೆಯ ಫೋಟೋ ಹೊಡೆಯಬಹುದಿತ್ತಲ್ಲ ಎಂದು. ಅಂದಿನಿಂದ ಹೆಗಡೆಯವರು ಏನನ್ನು ತೆಗೆಯುವ ಮೊದಲೂ ಪರದೆಯ ಫೋಟೋ ಹೊಡೆದಿಟ್ಟುಕೊಳ್ಳುತ್ತಾರೆ.

ಗೌರಕ್ಕನಿಗೆ ಈಗ ಅರ್ಜಿಯಿಲ್ಲದೆ ಅವಳದೇ ಹೆಸರು ಸಿಕ್ಕಿದೆ. ಗೋಡೆಯ ಚೀಟಿಗಳನ್ನು ಹೆಗಡೆಯವರೇ ಕೆರೆದು ತೆಗೆದರು. ಯಾರದಾದರೂ ಹೆಸರು ತೆಗೆಯಬೇಕಾದ ದಿನ ಅವರು ಬಂದ ಕೂಡಲೇ ಕಂಪ್ಯೂಟರಿನ ಮುಂದೆ ಕೂರುವುದಿಲ್ಲ. ಒಂದೊಂದೇ ಕೋಣೆಯ ಬಾಗಿಲಲ್ಲಿ ನಿಂತು, ತೀರಿಕೊಂಡವರಾದರೂ ಸರಿ, ಹೆಸರು ಹಿಡಿದು ಕರೆದು, ಅವರ ಹೆಸರಿನಲ್ಲಿ ಒಳಗೆ ಯಾರಾದರೂ ಇದ್ದೀರಾ ಎಂದು ಕೇಳುತ್ತಾರೆ. ಹೊಸದಾಗಿ ಬಂದ ರೋಗಿಗಳು ಇದನ್ನು ಕಂಡು ಬೆಂಚಿನ ಮೇಲೆ ಸ್ವಲ್ಪ ಹತ್ತಿರ ಹತ್ತಿರ ಸರಿದು ಕೂರುತ್ತಾರೆ.