ತಮ್ಮನನ್ನು ಅಣ್ಣ ಎಂದವಳು

ಹೆಡತಲೆ ಎಂಬ ಊರಿನ ಸರ್ವಮಂಗಳಾಗೆ ಮೂವತ್ತನಾಲ್ಕು ವರ್ಷ. ಅವಳಿಗಿಂತ ಚೆನ್ನಾಗಿ ಅದನ್ನು ಊರೇ ನೆನಪಿಟ್ಟುಕೊಂಡಿತ್ತು. ನಂಜನಗೂಡಿನ ಗಾರ್ಮೆಂಟ್ಸಿನಲ್ಲಿ ಹನ್ನೆರಡು ವರ್ಷದಿಂದ ಕಾಲರ್ ಹೊಲಿಯುತ್ತಿದ್ದಳು. ಅಲ್ಲಿ ಯಾರೂ ಅವಳ ವಯಸ್ಸು ಕೇಳಿದ್ದಿಲ್ಲ. ಸಂಜೆ ಊರಲ್ಲಿ ಬಸ್ಸಿಳಿದರೆ ಸಾಕು, ಒಂದೊಂದು ಜಗಲಿಯಿಂದಲೂ "ಯಾವಾಗವ್ವ ನಮ್ಗೆ ಊಟ ಆಕ್ಸೋದು?" ಅದೇ ಪ್ರಶ್ನೆ. ಪಾಪ, ಅವರ ಮನೆಯಲ್ಲಿ ಒಲೆಯೇ ಹೊತ್ತುತ್ತಿರಲಿಲ್ಲವೇನೋ.

ಅಪ್ಪ ತೀರಿಕೊಂಡಾಗ ತಮ್ಮ ನಂಜೇಶ್ ಎರಡನೇ ಕ್ಲಾಸು. ಅವ್ವ ಚನ್ನಾಜಮ್ಮ ಕೂಲಿಗೆ ಹೋದರೆ ಅವನಿಗೆ ತಲೆ ಬಾಚಿ, ಕೈಹಿಡಿದು ಸ್ಕೂಲಿಗೆ ಕರೆದೊಯ್ದವಳು ಇವಳು. ಯಾರ ಜೊತೆ ಜಗಳವಾದರೂ "ನಮ್ಮಕ್ಕನ್ನ ಕರೀತೀನಿ" ಎಂದೇ ಅವನು ಹೆದರಿಸುತ್ತಿದ್ದ. ಮದುವೆಯ ಆಸೆ ಸರ್ವಮಂಗಳಾಗೆ ಯಾವತ್ತೋ ಬತ್ತಿಹೋಗಿತ್ತು. ಆ ಮನೆಯಲ್ಲಿ ಅಕ್ಕನಾಗಿರುವುದೊಂದು ಉಳಿದಿತ್ತು, ಅಷ್ಟು ಸಾಕಿತ್ತು.

ಸಂಬಂಧ ಕೂಡಿಸುವ ಶಿವಮೂರ್ತಿ ಮೂಗೂರಿನ ಒಂದು ಗಂಡು ತಂದ. ಬಯೋಡೇಟಾದಲ್ಲಿ ಹುಡುಗಿಗೆ ಇಪ್ಪತ್ತೇಳು ಎಂದು ಬರೆದೂ ಬಿಟ್ಟಿದ್ದ. ಪುಣ್ಯಾತ್ಮನಿಗೆ ತಮ್ಮನಿಗೇ ಮೂವತ್ತಾಗಿರುವುದು ಆಮೇಲೆ ಹೊಳೆಯಿತು.

"ನಂಜೇಶಪ್ಪನ್ನೇ ಅಣ್ಣ ಅಂದ್ಬುಡವ್ವ. ಒಂದ್ ಗಂಟೆ ಮಾತು," ಎಂದ.

"ತಮ್ಮನ್ನ ಅಣ್ಣ ಅನ್ಲಾ?"

"ಅಂದ್ರೆ ಬಾಯೇನ್ ಸವ್ದೋದದಾ?" ಎಂದಳು ಚನ್ನಾಜಮ್ಮ. "ನಿನ್ ಕತ್ತಲ್ಲಿ ತಾಳಿ ನೋಡ್ದೆ ನಾನ್ ಸಾಯ್ಬೇಕಾ?"

ಸರ್ವಮಂಗಳಾ ಅಂದಳು. ಹೆಣ್ಣು ನೋಡಲು ಬಂದವರೆದುರು ಉಪ್ಪಿಟ್ಟಿನ ಪಾತ್ರೆ ಹಿಡಿದು, "ಅಣ್ಣಾ, ಇನ್ನೊಂಚೂರು ಆಕ್ಲಾ?" ಎಂದಳು. ನಂಜೇಶ್ ತಲೆಯೆತ್ತದೆ "ಸಾಕು ಕಣೇ" ಎಂದ. ಅವಳು ಪಾತ್ರೆ ಹಿಡಿದು ಪಕ್ಕದ ತಟ್ಟೆಗೆ ಸರಿದಳು.

ಹುಡುಗಿ ಸೊರಗಿದ್ದಾಳೆ ಎಂದು ಗಂಡಿನವರು ಬೇಡವೆಂದರು. ಆದರೆ ನಂಜೇಶ್ ಅವರ ಕಣ್ಣಿಗೆ ಬಿದ್ದಿದ್ದ. ಅವರ ಮನೆಯಲ್ಲಿ ಅರ್ಪಿತ ಎಂಬ ಇಪ್ಪತ್ತೈದರ ಮಗಳಿದ್ದಳು. ಮದುವೆಯಾಗದ ಅಕ್ಕ ಇರುವ ಮನೆಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಾರೆ. ತಂಗಿಯಾದರೆ ಚಿಂತೆಯಿಲ್ಲ, ನಾಳೆ ಎಲ್ಲಾದರೂ ಆಗುತ್ತದೆ. ಅವಳಿಗೆಂದು ಹೇಳಿದ ಸುಳ್ಳು ಅವನ ಮದುವೆ ಮಾಡಿಸಿತು.

"ಧಾರೆ ಒಂದ್ ಮುಗೀಲಿ ಅಕ್ಕ, ಅರ್ಪಿತಂಗೆ ನಾನೇ ನಿಜ ಏಳ್ಬುಡ್ತೀನಿ," ಎಂದ ನಂಜೇಶ್. ಅವಳು ನಂಬಿದಳು. ತಮ್ಮನಲ್ಲವೇ.

ಚನ್ನಾಜಮ್ಮ ಮನೆಮನೆಗೂ ಹೋಗಿ ಬಾಯಿ ಬಿಡಬೇಡಿರೆಂದು ಬೇಡಿಕೊಂಡಳು. ಹತ್ತು ವರ್ಷ ಸರ್ವಮಂಗಳಾಳ ವಯಸ್ಸನ್ನೇ ಜಗಿದ ಊರು ನಂಜನಗೂಡಿನ ಛತ್ರದಲ್ಲಿ ಅದನ್ನು ಮರೆತೇಬಿಟ್ಟಿತು. ಎಂಥಾ ಒಳ್ಳೆಯ ಜನ ನೋಡಿ!

ಮದುವೆಯಾಗಿ ತಿಂಗಳಾಯಿತು. ನಂಜೇಶ್ ಏನೂ ಹೇಳಲಿಲ್ಲ. ಒಂದು ಭಾನುವಾರ ಅರ್ಪಿತ ಮಂಚದ ಮೇಲೆ ಕೂತಿದ್ದವಳು, "ಸರ್ವೀ, ಒಂದ್ ಲೋಟ ಕಾಫಿ ತಾರೇ" ಎಂದಳು.

ಸರ್ವಮಂಗಳಾ ಅಡುಗೆಮನೆಯಿಂದ ಈಚೆಗೆ ಬಂದಳು. "ಅರ್ಪಿತ, ನಾನು ನಿನ್ಗಿಂತ ಒಂಬತ್ತು ವರ್ಷ ದೊಡ್ಡೋಳು. ನಿನ್ ಗಂಡನ್ನ ಕೈ ಇಡ್ಕಂಡು ಸ್ಕೂಲಿಗೆ ಕರ್ಕೋಗಿದ್ದೋಳು ನಾನು. ಅವನ್ನೇ ಕೇಳು."

ಅರ್ಪಿತ ಗಂಡನ ಕಡೆ ತಿರುಗಿದಳು. ನಂಜೇಶ್ ಮೊಬೈಲಿನಿಂದ ಕಣ್ಣು ತೆಗೆದು ಒಮ್ಮೆ ಅಕ್ಕನನ್ನು, ಒಮ್ಮೆ ಹೆಂಡತಿಯನ್ನು ನೋಡಿದ.

"ಮದ್ವೆ ಕೂಡಿಬರ್ನಿಲ್ಲ ಅಂತ ಅವ್ಳಿಗೆ ಒಂಥರಾ ಆಗದೆ," ಎಂದ. "ನೀನ್ ಮನ್ಸಿಗೆ ತಕಬ್ಯಾಡ. ಓಗು ಸರ್ವಿ, ಕಾಫಿ ತಕೊಂಬಾ."

ಸರ್ವಮಂಗಳಾ ಅವ್ವನನ್ನು ನೋಡಿದಳು. ಚನ್ನಾಜಮ್ಮ ಮೊರದಲ್ಲಿ ಸೊಪ್ಪು ಬಿಡಿಸುತ್ತಿದ್ದಳು, ಮುಖ ಎತ್ತಲಿಲ್ಲ.

"ಓಗವ್ವ," ಎಂದಳು, "ನಿಮ್ಮಣ್ಣ ಕೇಳ್ತಾವ್ನಲ್ಲ."